ಅಫೋರ್ಡೆನ್ಸ್ ಸಿದ್ಧಾಂತದಿಂದ ಸಂಸ್ಥೆಯ ಬದಲಾವಣೆಯನ್ನು ವಿವರಿಸುವುದು ಹೇಗೆ? ಸವಲತ್ತುಗಳ ಪಟ್ಟಿಯಿಂದಾಚೆಗಿನ ಪ್ರಶ್ನೆಗಳು

ಸಂಶೋಧನಾರ್ಥಿ:

ಕಾಗದದ ರೋಗಿ ದಾಖಲೆಗಳನ್ನು ಬಿಟ್ಟು ವಿದ್ಯುನ್ಮಾನ ಆರೋಗ್ಯ ದಾಖಲೆ ವ್ಯವಸ್ಥೆಗೆ ಹೊರಳಿದ ಆಸ್ಪತ್ರೆಯೊಂದರಲ್ಲಿ ಕೆಲಸದ ಕ್ರಮ ಹೇಗೆ ಬದಲಾಯಿತು ಎಂಬುದು ನನ್ನ ಅಧ್ಯಯನದ ವಿಷಯ. ಒಂದು ವಸ್ತು ಅಥವಾ ಪರಿಸರ ತನ್ನೊಡನೆ ವ್ಯವಹರಿಸುವವರಿಗೆ ಯಾವ ಕ್ರಿಯೆಗಳ ಸಾಧ್ಯತೆಯನ್ನು ತೆರೆದಿಡುತ್ತದೆ ಎಂದು ಕೇಳುವ ಅಫೋರ್ಡೆನ್ಸ್ ಸಿದ್ಧಾಂತವನ್ನು ಚೌಕಟ್ಟಾಗಿ ಇಟ್ಟುಕೊಂಡಿದ್ದೇನೆ. ಸಂದರ್ಶನಗಳನ್ನು ವಿಂಗಡಿಸಿದಾಗ ನನಗೆ ಸಿಕ್ಕಿದ್ದು ಇಂತಹ ಶೀರ್ಷಿಕೆಗಳು: ದಾಖಲೆ ಹುಡುಕುವುದು, ಔಷಧಿಗಳ ಪರಸ್ಪರ ಪರಿಣಾಮದ ಎಚ್ಚರಿಕೆ, ಪ್ರಯೋಗಾಲಯದ ವರದಿಯನ್ನು ಪರದೆಯ ಮೇಲೆ ನೋಡುವುದು. ಇವು ತಂತ್ರಾಂಶದ ಸವಲತ್ತುಗಳೇ ಹೊರತು ಅಫೋರ್ಡೆನ್ಸ್‌ಗಳಲ್ಲ ಎಂಬುದು ನನ್ನ ಮಾರ್ಗದರ್ಶಕರ ಆಕ್ಷೇಪ. ಹಾಗಾದರೆ ಎರಡನ್ನೂ ಬೇರ್ಪಡಿಸುವ ಗೆರೆ ಎಲ್ಲಿದೆ?

ಇನ್ನೊಂದು ತೊಡಕೂ ಇದೆ. ಒಂದು ವಾರ್ಡಿನಲ್ಲಿ ದಾದಿಯರು ರೋಗಿಯ ಹಾಸಿಗೆಯ ಬಳಿಯೇ ನಾಡಿ, ರಕ್ತದೊತ್ತಡ ಮುಂತಾದವನ್ನು ವ್ಯವಸ್ಥೆಗೆ ತುಂಬುತ್ತಾರೆ. ಪಕ್ಕದ ವಾರ್ಡಿನಲ್ಲಿ ಮೊದಲು ಚೀಟಿಯಲ್ಲಿ ಬರೆದುಕೊಂಡು, ಪಾಳಿ ಮುಗಿಯುವ ಹೊತ್ತಿಗೆ ಒಟ್ಟಾಗಿ ತುಂಬುತ್ತಾರೆ. ತಂತ್ರಾಂಶ ಒಂದೇ, ತರಬೇತಿಯೂ ಒಂದೇ. ಇಲ್ಲಿ ಅಫೋರ್ಡೆನ್ಸ್ ಬೇರೆಯಾಗಿದೆ ಎನ್ನಬೇಕೋ, ಅದರ ಬಳಕೆ ಮಾತ್ರ ಬೇರೆಯಾಗಿದೆ ಎನ್ನಬೇಕೋ ತಿಳಿಯುತ್ತಿಲ್ಲ.

ಬೋಧಕಿ:

ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ಅದಕ್ಕೆ ಉತ್ತರ ಹುಡುಕಹೊರಟರೆ ಮೊದಲನೆಯದಕ್ಕೂ ದಾರಿ ಸಿಗುತ್ತದೆ ಎಂದುಕೊಂಡಿದ್ದೇನೆ. ಈ ಪರಿಕಲ್ಪನೆಯನ್ನು ಕೊಟ್ಟವರು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್. ದೃಷ್ಟಿಗ್ರಹಣದ ಕುರಿತ 1979ರ ಕೃತಿಯಲ್ಲಿ ಅವರು ಇದಕ್ಕೆ ಪೂರ್ಣ ರೂಪ ಕೊಟ್ಟರು. ಪರಿಸರವು ಪ್ರಾಣಿಗೆ ಒಳಿತಿಗಾಗಲಿ ಕೆಡುಕಿಗಾಗಲಿ ಏನನ್ನು ಒದಗಿಸುತ್ತದೋ ಅದು ಅಫೋರ್ಡೆನ್ಸ್ ಎಂಬುದು ಅವರ ನಿಲುವಿನ ಸಾರ. ಗಟ್ಟಿಯಾದ, ಮಟ್ಟಸವಾದ, ಮೊಣಕಾಲಿನೆತ್ತರದ ಮೇಲ್ಮೈಯೊಂದು ಮನುಷ್ಯನಿಗೆ ಕುಳಿತುಕೊಳ್ಳುವ ಸಾಧ್ಯತೆಯನ್ನು ಒದಗಿಸುತ್ತದೆ. ಆದರೆ ಮೊಣಕಾಲಿನೆತ್ತರ ಎಂದ ಕೂಡಲೇ ಯಾರ ಮೊಣಕಾಲು ಎಂಬ ಪ್ರಶ್ನೆ ಏಳುತ್ತದೆ. ದೊಡ್ಡವರು ಆರಾಮಾಗಿ ಕೂರುವ ಎತ್ತರ ಮಗುವಿಗೆ ಹತ್ತಬೇಕಾದ ಎತ್ತರವಾಗಿರುತ್ತದೆ. ಹೀಗಾಗಿ ಅಫೋರ್ಡೆನ್ಸ್ ವಸ್ತುವಿನಲ್ಲಿ ಮಾತ್ರ ಇರುವುದೂ ಅಲ್ಲ, ನೋಡುವವರ ಮನಸ್ಸಿನಲ್ಲಿ ಮಾತ್ರ ಇರುವುದೂ ಅಲ್ಲ. ಅದು ಇಬ್ಬರ ನಡುವಿನ ಸಂಬಂಧದಲ್ಲಿದೆ.

ಇದು ತತ್ತ್ವಚರ್ಚೆಯಷ್ಟೇ ಅಲ್ಲ ಎಂಬುದನ್ನು ವಿಲಿಯಂ ವಾರೆನ್ 1984ರಲ್ಲಿ ಮೆಟ್ಟಿಲುಗಳ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿದವು. ಕುಳ್ಳಗಿನವರೂ ಎತ್ತರದವರೂ ತಾವು ಹತ್ತಬಲ್ಲ ಮೆಟ್ಟಿಲು ಎಂದು ಗುರುತಿಸಿದ ಎತ್ತರಗಳು ಅಳತೆಯಲ್ಲಿ ಬೇರೆ ಬೇರೆಯಾಗಿದ್ದವು, ಆದರೆ ಮೆಟ್ಟಿಲಿನ ಎತ್ತರಕ್ಕೂ ಕಾಲಿನ ಉದ್ದಕ್ಕೂ ಇರುವ ಅನುಪಾತವಾಗಿ ನೋಡಿದಾಗ ಗಡಿ ಸುಮಾರು 0.88ರಲ್ಲಿ ಒಂದೇ ಕಡೆ ಬಂದು ನಿಂತಿತು. ಮೆಟ್ಟಿಲನ್ನು ಮಾತ್ರ ಅಳೆದಿದ್ದರೆ ಈ ಕ್ರಮ ಕಾಣುತ್ತಲೇ ಇರಲಿಲ್ಲ. ಮಾಹಿತಿ ವ್ಯವಸ್ಥೆಗಳ ಅಧ್ಯಯನದಲ್ಲಿ ನಾವು ಬಹಳ ಸಲ ಮೆಟ್ಟಿಲನ್ನು ಮಾತ್ರ ಅಳೆದು ಬರುತ್ತೇವೆ ಎಂಬುದು ನನ್ನ ಬೇಸರ.

ಹಾಗಾದರೆ ನಿಮ್ಮ ಎರಡು ವಾರ್ಡುಗಳ ಸಂಗತಿ ಏನು? ಒಂದು ವಾರ್ಡಿನಲ್ಲಿ ಒಬ್ಬ ದಾದಿಗೆ ಎಷ್ಟು ರೋಗಿಗಳು, ಗಣಕ ಎಲ್ಲಿದೆ, ಅದನ್ನು ಹಾಸಿಗೆಯ ಬಳಿಗೆ ತಳ್ಳಿಕೊಂಡು ಹೋಗಲು ಬರುತ್ತದೆಯೇ, ನಡುನಡುವೆ ಕೆಲಸ ಬಿಟ್ಟು ಓಡಬೇಕಾದ ಪ್ರಸಂಗ ಎಷ್ಟು ಎಂಬುದನ್ನೆಲ್ಲ ಮೊದಲು ನೋಡಿ. ಇವುಗಳಲ್ಲಿ ವ್ಯತ್ಯಾಸವಿದ್ದರೆ ಎರಡು ವಾರ್ಡುಗಳಲ್ಲಿ ಅಫೋರ್ಡೆನ್ಸೇ ಬೇರೆ, ಏಕೆಂದರೆ ಸಂಬಂಧದ ಒಂದು ತುದಿ ಬದಲಾಗಿದೆ. ಇವೆಲ್ಲ ಒಂದೇ ಆಗಿದ್ದೂ ಬಳಕೆ ಬೇರೆಯಾಗಿದ್ದರೆ ಆಗ ಸಾಧ್ಯತೆ ಒಂದೇ ಇದ್ದು, ಅದು ಕಾರ್ಯರೂಪಕ್ಕೆ ಬಂದ ಬಗೆ ಮಾತ್ರ ಬೇರೆ ಎನ್ನಬಹುದು. ಎರಡೂ ಉತ್ತರಗಳು ಸಿದ್ಧಾಂತಕ್ಕೆ ಒಪ್ಪುತ್ತವೆ, ಆದರೆ ಆಸ್ಪತ್ರೆ ಮುಂದೆ ಏನು ಮಾಡಬೇಕು ಎಂಬುದು ಒಂದೊಂದರಲ್ಲೂ ಬೇರೆ.

ವಿನ್ಯಾಸಕ:

ಗ್ರಹಿಕೆಯನ್ನು ಈ ವಿವರಣೆಯಲ್ಲಿ ಬಿಟ್ಟಂತಾಯಿತು. ಡೊನಾಲ್ಡ್ ನಾರ್ಮನ್ 1988ರಲ್ಲಿ ಈ ಪರಿಕಲ್ಪನೆಯನ್ನು ವಿನ್ಯಾಸದ ಕ್ಷೇತ್ರಕ್ಕೆ ತಂದಾಗ ಒತ್ತು ಬಿದ್ದದ್ದು ಬಳಕೆದಾರ ಏನು ಮಾಡಬಹುದೆಂದು ಅವನಿಗೆ ಕಾಣುತ್ತದೆ ಎಂಬುದರ ಮೇಲೆ. ಬಾಗಿಲು ತೆರೆಯಬಲ್ಲದ್ದೇ ಆಗಿದ್ದರೂ ತಳ್ಳಬೇಕೋ ಎಳೆಯಬೇಕೋ ತಿಳಿಯದಿದ್ದರೆ ವಿನ್ಯಾಸ ಸೋತಂತೆ. ಆಮೇಲೆ, ಅಫೋರ್ಡೆನ್ಸ್ ಎಂಬುದನ್ನು ಎಲ್ಲರೂ ಪರದೆಯ ಮೇಲಿನ ಗುರುತುಗಳಿಗೆ ಬಳಸತೊಡಗಿದಾಗ, ಅಂತಹ ಸುಳಿವುಗಳನ್ನು ಸೂಚಕಗಳು ಎಂದು ಅವರೇ ಬೇರ್ಪಡಿಸಿದರು. 1991ರಲ್ಲಿ ವಿಲಿಯಂ ಗೇವರ್ ಮಾಡಿದ ವಿಂಗಡಣೆ ನಿಮಗೆ ನೇರವಾಗಿ ಉಪಯೋಗಕ್ಕೆ ಬಂದೀತು: ಸಾಧ್ಯತೆಯೂ ಇದ್ದು ಅದರ ಸುಳಿವೂ ಇದ್ದರೆ ಅದು ಗೋಚರ, ಸಾಧ್ಯತೆ ಇದ್ದೂ ಸುಳಿವು ಇಲ್ಲದಿದ್ದರೆ ಗುಪ್ತ, ಸುಳಿವು ಇದ್ದೂ ಸಾಧ್ಯತೆ ಇಲ್ಲದಿದ್ದರೆ ಹುಸಿ. ಎರಡನೆಯ ವಾರ್ಡಿನವರಿಗೆ ಹಾಸಿಗೆಯ ಬಳಿಯಲ್ಲೇ ದಾಖಲಿಸುವ ಪುಟವೊಂದು ಇದೆ ಎಂಬುದೇ ತಿಳಿದಿಲ್ಲದಿರಬಹುದು.

ಹಿರಿಯ ಸಂಶೋಧಕ:

ವಿನ್ಯಾಸಕರ ಮಾತು ಒಬ್ಬ ಬಳಕೆದಾರ ಮತ್ತು ಒಂದು ಪರದೆಯ ಮಟ್ಟಿಗೆ ಸರಿ. ಆದರೆ ಸಂಸ್ಥೆಯ ಬದಲಾವಣೆಯನ್ನು ಓದುವವರು ಅಲ್ಲಿಯೇ ನಿಂತುಬಿಟ್ಟರೆ ಎಲ್ಲ ವೈಫಲ್ಯಕ್ಕೂ ತರಬೇತಿಯ ಕೊರತೆ ಅಥವಾ ಕೆಟ್ಟ ಪರದೆಯೇ ಕಾರಣ ಎಂದು ಮುಗಿಸುವ ಅಪಾಯವಿದೆ. ದಾದಿಯರಿಗೆ ಆ ಪುಟದ ವಿಷಯ ಚೆನ್ನಾಗಿ ತಿಳಿದಿದ್ದೂ ಅದನ್ನು ಬಳಸದಿರಲು ಸಕಾರಣ ಇರಬಹುದು.

ಮಾಹಿತಿ ವ್ಯವಸ್ಥೆಗಳ ಸಂಶೋಧನೆಗೆ ಈ ಪರಿಕಲ್ಪನೆ ಯಾಕೆ ಬೇಕಾಯಿತು ಎಂಬುದನ್ನು ನೆನೆದರೆ ಗೆರೆ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಸ್ಟೀಫನ್ ಬಾರ್ಲಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಆಸ್ಪತ್ರೆಗಳ ವಿಕಿರಣ ವಿಭಾಗಗಳಿಗೆ ಒಂದೇ ಬಗೆಯ ಸಿಟಿ ಸ್ಕ್ಯಾನರ್ ಬಂದಿತ್ತು, ಆದರೆ ವಿಕಿರಣ ತಜ್ಞರು ಮತ್ತು ತಂತ್ರಜ್ಞರ ನಡುವೆ ಯಾರು ನಿರ್ಧರಿಸಬೇಕು, ಯಾರು ಹೇಳಿದಂತೆ ಯಾರು ಕೇಳಬೇಕು ಎಂಬುದು ಎರಡು ಕಡೆ ಬೇರೆ ಬೇರೆ ರೂಪ ತಳೆಯಿತು. ಯಂತ್ರವೇ ಸಂಸ್ಥೆಯನ್ನು ರೂಪಿಸುತ್ತದೆ ಎಂಬ ವಾದ ಅಲ್ಲಿಗೆ ಕುಸಿಯಿತು. ಆದರೆ ಅದರ ವಿರುದ್ಧ ದಿಕ್ಕಿಗೆ ವಾಲಿದ ಬರಹಗಳಲ್ಲಿ ತಂತ್ರಜ್ಞಾನ ಎಂಬುದು ಜನ ಅರ್ಥ ತುಂಬುವ ಖಾಲಿ ಪಾತ್ರೆಯಂತಾಗಿ, ಅದರ ಭೌತಿಕ ಗುಣಗಳಿಗೆ ಬೆಲೆಯೇ ಇಲ್ಲದಾಯಿತು. ಸಮಾಜಶಾಸ್ತ್ರದಲ್ಲಿ 2001ರಲ್ಲಿ ಇಯಾನ್ ಹಚ್‌ಬಿ, ನಮ್ಮ ಕ್ಷೇತ್ರದಲ್ಲಿ 2008ರಲ್ಲಿ ಲಿನ್ ಮಾರ್ಕಸ್ ಮತ್ತು ಮಾರ್ಕ್ ಸಿಲ್ವರ್ ಈ ಪರಿಕಲ್ಪನೆಯನ್ನು ಮುಂದಿಟ್ಟದ್ದು ಈ ಎರಡು ಅತಿಗಳ ನಡುವೆ ನಿಲ್ಲುವುದಕ್ಕಾಗಿ. ಮಾರ್ಕಸ್ ಮತ್ತು ಸಿಲ್ವರ್ ತಂತ್ರವಸ್ತುವನ್ನೂ ಅದು ಗೊತ್ತಾದ ಬಳಕೆದಾರರ ಗುಂಪಿಗೆ ಒದಗಿಸುವ ಗುರಿಯುಳ್ಳ ಕ್ರಿಯೆಯ ಸಾಧ್ಯತೆಯನ್ನೂ ಬೇರೆ ಬೇರೆಯಾಗಿ ಇಟ್ಟರು. ಗೊತ್ತಾದ ಬಳಕೆದಾರರ ಗುಂಪಿಗೆ ಎಂಬುದನ್ನು ನಾವು ಓದುವಾಗ ಹಾರಿಸಿಬಿಡುತ್ತೇವೆ, ಆದರೆ ಇಡೀ ವ್ಯಾಖ್ಯೆ ನಿಂತಿರುವುದು ಅದರ ಮೇಲೆ.

ನಿಮ್ಮ ಶೀರ್ಷಿಕೆಗಳಿಗೆ ಒಂದು ಒರೆಗಲ್ಲು ಹೇಳುತ್ತೇನೆ. 2017ರಲ್ಲಿ ಇವಾನ್ಸ್ ಮತ್ತು ಸಂಗಡಿಗರು ಸಂವಹನ ಅಧ್ಯಯನಗಳನ್ನು ಪರಿಶೀಲಿಸಿ ಮೂರು ಷರತ್ತುಗಳನ್ನು ಇಟ್ಟರು: ಅಫೋರ್ಡೆನ್ಸ್ ಎಂದು ನೀವು ಕರೆಯುವುದು ವಸ್ತುವೋ ಅದರ ಸವಲತ್ತೋ ಆಗಿರಬಾರದು, ಅದು ಫಲಿತಾಂಶವೂ ಆಗಿರಬಾರದು, ಮತ್ತು ಅದರಲ್ಲಿ ಹೆಚ್ಚು ಕಡಿಮೆಗೆ ಎಡೆ ಇರಬೇಕು. ಔಷಧಿ ಎಚ್ಚರಿಕೆ ಎಂಬುದು ಸವಲತ್ತು. ತಪ್ಪು ಔಷಧಿ ಕಡಿಮೆಯಾಗುವುದು ಫಲಿತಾಂಶ. ಇವೆರಡರ ನಡುವೆ, ಔಷಧಿ ಬರೆಯುವ ಹೊತ್ತಿನಲ್ಲೇ ಸಂಸ್ಥೆಯ ನಿಯಮಗಳಿಗೆ ತನ್ನ ನಿರ್ಧಾರವನ್ನು ತಾಳೆ ನೋಡಲು ವೈದ್ಯರಿಗೆ ಇರುವ ಅವಕಾಶ ಅಫೋರ್ಡೆನ್ಸ್. ಅದು ವೈದ್ಯರಿಂದ ವೈದ್ಯರಿಗೆ, ವಾರ್ಡಿನಿಂದ ವಾರ್ಡಿಗೆ ಹೆಚ್ಚು ಕಡಿಮೆ ಆಗಬಲ್ಲದು. ಎಚ್ಚರಿಕೆಗಳ ಸುರಿಮಳೆಯಲ್ಲಿ ಯಾವುದನ್ನೂ ಓದದೆ ಮುಚ್ಚಿಬಿಡುವ ಸ್ಥಿತಿ ಬಂದಲ್ಲಿ ಅದೇ ಸವಲತ್ತು ಇದ್ದೂ ಆ ಅವಕಾಶ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಅನುಷ್ಠಾನ ತಂಡದ ಸದಸ್ಯ:

ದೊಡ್ಡ ಸಂಸ್ಥೆಗಳಲ್ಲಿ ಇಆರ್‌ಪಿ (ಲೆಕ್ಕ, ದಾಸ್ತಾನು, ವೇತನ ಮುಂತಾದವನ್ನು ಒಂದೇ ಕಡೆ ನಡೆಸುವ ತಂತ್ರಾಂಶ) ಮತ್ತು ಆಸ್ಪತ್ರೆ ತಂತ್ರಾಂಶಗಳನ್ನು ಅಳವಡಿಸುವ ಕೆಲಸದಲ್ಲಿರುವ ನನಗೆ ಒಂದು ಗಂಭೀರ ಸಂಶಯವಿದೆ. ಜನ ಬಳಸಿದರೆ ಅಫೋರ್ಡೆನ್ಸ್ ಕಾರ್ಯರೂಪಕ್ಕೆ ಬಂತು ಎನ್ನುತ್ತೀರಿ. ಬಳಸದಿದ್ದರೆ ಸಾಧ್ಯತೆ ಇತ್ತು, ಕಾರ್ಯರೂಪಕ್ಕೆ ಬರಲಿಲ್ಲ ಎನ್ನುತ್ತೀರಿ. ಎಲ್ಲಿ ಏನೇ ಆದರೂ ನಡೆದ ಮೇಲೆ ವಿವರಿಸಬಲ್ಲ ಸಿದ್ಧಾಂತವೊಂದು ಮುಂಚಿತವಾಗಿ ಏನನ್ನು ಹೇಳಬಲ್ಲದು? ಬಳಕೆದಾರರನ್ನು ಅವಲಂಬಿಸಿದೆ ಎಂಬ ಮಾತನ್ನು ನಾವು ಯಾವ ಸಿದ್ಧಾಂತವೂ ಇಲ್ಲದೆ ಪ್ರತಿ ಯೋಜನೆಯ ಸಭೆಯಲ್ಲೂ ಹೇಳುತ್ತಿರುತ್ತೇವೆ.

ಹಿರಿಯ ಸಂಶೋಧಕ:

ಈ ಆಕ್ಷೇಪಕ್ಕೆ ಪೂರ್ಣ ಉತ್ತರ ನನ್ನ ಬಳಿ ಇದೆ ಎನ್ನಲಾರೆ. ಈ ಸಿದ್ಧಾಂತವನ್ನು ಬಳಸುವ ಬಹಳಷ್ಟು ಬರಹಗಳು ನೀವು ಹೇಳಿದ ದೋಷಕ್ಕೆ ಗುರಿಯಾಗುತ್ತವೆ. ಆದರೆ ಇದರಿಂದ ಪಾರಾಗುವ ದಾರಿಯನ್ನು ಓಲ್ಗಾ ವೋಲ್ಕಾಫ್ ಮತ್ತು ಡಯಾನ್ ಸ್ಟ್ರಾಂಗ್ 2013ರಲ್ಲಿ ತೋರಿಸಿದರು. ಕಣ್ಣಿಗೆ ಕಾಣುವ ಘಟನೆಗಳ ಹಿಂದೆ ಅವನ್ನು ಹುಟ್ಟಿಸುವ ನಿಜವಾದ ಕಾರಣಗಳಿವೆ ಎನ್ನುವ ವಿಮರ್ಶಾತ್ಮಕ ವಾಸ್ತವವಾದದ ತಳಹದಿಯ ಮೇಲೆ ನಿಂತು ಅವರು ಅಫೋರ್ಡೆನ್ಸನ್ನು ಫಲಿತಾಂಶಗಳನ್ನು ಹುಟ್ಟಿಸುವ ಒಂದು ಕಾರಣಯಂತ್ರವಾಗಿ ಕಂಡರು. ಕಾರಣಯಂತ್ರ ಕೆಲಸ ಮಾಡದೆಯೂ ಇರಬಲ್ಲದು, ಇನ್ನೊಂದು ಯಂತ್ರ ಅದಕ್ಕೆ ಅಡ್ಡ ಬಂದಿರಬಹುದು. ಹೀಗೆ ನೋಡಿದಾಗ ಪ್ರತಿ ಸಲವೂ ಬಳಕೆಯಾಗಲೇಬೇಕು ಎಂಬ ನಿರೀಕ್ಷೆಯೇ ತಪ್ಪಾಗುತ್ತದೆ, ಜೊತೆಗೆ ಯಾವ ಸಂದರ್ಭದಲ್ಲಿ ಯಾವುದು ತಡೆಯಿತು ಎಂದು ತೋರಿಸುವ ಹೊಣೆ ಸಂಶೋಧಕರ ಮೇಲೆ ಬೀಳುತ್ತದೆ.

ಅದೇ ಗುಂಪು 2014ರಲ್ಲಿ ಪ್ರಕಟಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಅಧ್ಯಯನ ನಿಮ್ಮಿಬ್ಬರಿಗೂ ಸಂಬಂಧಿಸಿದ್ದು. ಅಲ್ಲಿ ಸಾಧ್ಯತೆ, ಅದನ್ನು ಕಾರ್ಯರೂಪಕ್ಕೆ ತರುವ ಕ್ರಿಯೆ, ಆ ಕ್ರಿಯೆಯಿಂದ ಕೂಡಲೇ ಹುಟ್ಟುವ ನಿರ್ದಿಷ್ಟ ಫಲ, ಮತ್ತು ಸಂಸ್ಥೆಯ ದೂರದ ಗುರಿ ಎಂಬ ನಾಲ್ಕನ್ನೂ ಕಲಸದೆ ಇಟ್ಟಿದ್ದಾರೆ. ಅದಕ್ಕಿಂತ ಮುಖ್ಯವಾಗಿ ಒಂದು ಸಾಧ್ಯತೆ ಇನ್ನೊಂದರ ಮೇಲೆ ನಿಂತಿರುತ್ತದೆ ಎಂದು ತೋರಿಸಿದ್ದಾರೆ. ರೋಗಿಯ ಮಾಹಿತಿಯನ್ನು ದಾಖಲಿಸಿಡುವುದು ನಡೆಯದೆ ಅದನ್ನು ಎಲ್ಲಿಂದಲಾದರೂ ನೋಡುವುದು ಸಾಧ್ಯವಿಲ್ಲ. ಅದು ನಡೆಯದೆ ಬೇರೆ ಬೇರೆ ಕಡೆಗಳಲ್ಲಿ ನಡೆಯುವ ಚಿಕಿತ್ಸೆಯನ್ನು ಹೊಂದಿಸುವುದು ಸಾಧ್ಯವಿಲ್ಲ. ಮಾಹಿತಿಯನ್ನು ಎಲ್ಲರೂ ಒಂದೇ ಬಗೆಯಲ್ಲಿ ತುಂಬದೆ ಸಂಸ್ಥೆಯ ಒಟ್ಟು ಕೆಲಸದ ಮೇಲೆ ಕಣ್ಣಿಡುವುದು ಸಾಧ್ಯವಿಲ್ಲ.

ಈಗ ಮುಂಚಿತವಾಗಿ ಹೇಳಬಹುದಾದ ಮಾತು ಬಂತು ನೋಡಿ. ಎರಡನೆಯ ವಾರ್ಡಿನಲ್ಲಿ ಪಾಳಿಯ ಕೊನೆಗೆ ಮಾಹಿತಿ ತುಂಬುತ್ತಿದ್ದರೆ, ರೋಗಿಯ ಸ್ಥಿತಿ ಹದಗೆಡುವುದನ್ನು ಪರದೆಯ ಮೇಲೆ ನೋಡಿ ಕೂಡಲೇ ಧಾವಿಸುವ ಅವಕಾಶ ಆ ವಾರ್ಡಿನ ವೈದ್ಯರಿಗೆ ಇರಲಾರದು; ವೈದ್ಯರಿಗೆ ಎಷ್ಟೇ ತರಬೇತಿ ಕೊಟ್ಟರೂ ಇರಲಾರದು. ಅದೇ ಹೊತ್ತಿಗೆ ಬಿಲ್ಲು ಮಾಡುವವರಿಗೆ, ತಿಂಗಳ ಅಂಕಿಅಂಶ ತಯಾರಿಸುವವರಿಗೆ ಯಾವ ತೊಂದರೆಯೂ ಕಾಣದು, ಏಕೆಂದರೆ ಅವರಿಗೆ ಮಾಹಿತಿ ಸಂಜೆ ಬಂದರೂ ಸಾಕು. ಕ್ಷೇತ್ರಕ್ಕೆ ಹೋಗಿ ನೋಡಿದಾಗ ಇದು ಸುಳ್ಳಾದರೆ ನಾವು ಹಾಕಿಕೊಂಡ ಅವಲಂಬನೆಯ ನಕ್ಷೆ ತಪ್ಪು. ಬಳಕೆದಾರರನ್ನು ಅವಲಂಬಿಸಿದೆ ಎಂಬ ಸಭೆಯ ಮಾತು ಹೀಗೆ ಸುಳ್ಳಾಗುವ ಅಪಾಯಕ್ಕೆ ಒಡ್ಡಿಕೊಳ್ಳುವುದಿಲ್ಲ.

ಅನುಷ್ಠಾನ ತಂಡದ ಸದಸ್ಯ:

ಅವಲಂಬನೆಯ ನಕ್ಷೆ ಎಂಬುದನ್ನು ಒಪ್ಪುತ್ತೇನೆ. ಯೋಜನೆಗಳಲ್ಲಿ ನಾವು ಪರಿಶೀಲಿಸುವುದು ತಂತ್ರಾಂಶದ ಭಾಗಗಳ ಅವಲಂಬನೆಯನ್ನು, ಒಬ್ಬರ ಕೆಲಸದ ರೂಢಿ ಇನ್ನೊಬ್ಬರ ಅವಕಾಶಕ್ಕೆ ಆಧಾರವಾಗುವುದನ್ನಲ್ಲ. ಯಾವ ಭಾಗವನ್ನು ಮೊದಲು ಜಾರಿಗೆ ತರಬೇಕು ಎಂಬ ನಿರ್ಧಾರಕ್ಕೆ ಇದು ನೇರವಾಗಿ ಸಂಬಂಧಿಸಿದ್ದು.

ದಾದಿಯರ ಮೇಲ್ವಿಚಾರಕಿ:

ಇಷ್ಟು ಹೊತ್ತೂ ನಡೆದ ಮಾತಿನಲ್ಲಿ ದಾದಿಯರು ಮಾಹಿತಿ ತುಂಬುವವರು, ಉಳಿದವರು ಅದನ್ನು ಬಳಸುವವರು ಎಂಬ ಚಿತ್ರವೇ ಇದೆ. ನನ್ನ ಪ್ರಶ್ನೆ, ಈ ಗುರಿಯುಳ್ಳ ಕ್ರಿಯೆ ಎಂಬುದರಲ್ಲಿ ಗುರಿ ಯಾರದ್ದು? ನಾವು ಚೀಟಿಯಲ್ಲಿ ಬರೆದುಕೊಳ್ಳುವುದು ಹಳೆಯ ಚಾಳಿಯಿಂದಲ್ಲ. ಒಂದೇ ಚೀಟಿಯಲ್ಲಿ ಎಲ್ಲ ರೋಗಿಗಳೂ ಒಟ್ಟಿಗೆ ಕಣ್ಣಿಗೆ ಬೀಳುತ್ತಾರೆ, ಯಾರಿಗೆ ಏನು ಬಾಕಿ ಇದೆ ಎಂದು ಒಂದು ನೋಟಕ್ಕೆ ತಿಳಿಯುತ್ತದೆ. ಪರದೆಯಲ್ಲಿ ಒಬ್ಬ ರೋಗಿಯನ್ನು ತೆರೆದರೆ ಉಳಿದವರು ಮರೆಯಾಗುತ್ತಾರೆ. ವೈದ್ಯರಿಗೆ ಎಲ್ಲಿಂದಲಾದರೂ ನೋಡುವ ಅವಕಾಶ ಕೊಟ್ಟ ವ್ಯವಸ್ಥೆಯೇ ನಮ್ಮಿಂದ ವಾರ್ಡನ್ನು ಒಟ್ಟಾಗಿ ನೋಡುವ ಅವಕಾಶವನ್ನು ಕಸಿದುಕೊಂಡಿದೆ. ಮೇಲಾಗಿ ಪ್ರತಿ ನಮೂದಿಗೂ ಸಮಯದ ಮುದ್ರೆ ಬೀಳುವುದರಿಂದ ಯಾರು ಎಷ್ಟು ತಡಮಾಡಿದರು ಎಂದು ಆಡಳಿತ ಲೆಕ್ಕ ಹಾಕಬಲ್ಲದು. ಅದು ಆಡಳಿತಕ್ಕೆ ಒದಗಿದ ಸಾಧ್ಯತೆ. ನಮ್ಮ ಪಾಲಿಗೆ ಅದರ ಹೆಸರೇನು?

ಬೋಧಕಿ:

ಮೇಲ್ವಿಚಾರಕಿಯವರ ಪ್ರಶ್ನೆ ಈ ಚರ್ಚೆಗೆ ಬಹಳ ಅಗತ್ಯವಾಗಿತ್ತು. ಗಿಬ್ಸನ್ ಅವರು ಒಳಿತಿಗಾಗಲಿ ಕೆಡುಕಿಗಾಗಲಿ ಎಂದದ್ದನ್ನು ನಮ್ಮ ಕ್ಷೇತ್ರ ಬೇಗ ಮರೆಯಿತು. ಅಫೋರ್ಡೆನ್ಸ್ ಎಂದರೆ ಒಳ್ಳೆಯ ಅವಕಾಶ ಎಂಬ ಅರ್ಥವೇ ಉಳಿದುಕೊಂಡಿತು. ಆನ್ ಮಾಯ್ಚ್‌ಜಾಕ್ ಮತ್ತು ಲಿನ್ ಮಾರ್ಕಸ್ ತಮ್ಮ ಚೌಕಟ್ಟಿನ ಹೆಸರಿನಲ್ಲೇ ಅಫೋರ್ಡೆನ್ಸ್ ಮತ್ತು ನಿರ್ಬಂಧ ಎಂಬ ಎರಡನ್ನೂ ಜೊತೆಗಿಟ್ಟದ್ದು ಇದನ್ನು ಸರಿದೂಗಿಸಲು ನೆರವಾಗುತ್ತದೆ. ನಿಮ್ಮ ಪಾಲಿಗೆ ಅದರ ಹೆಸರು ನಿರ್ಬಂಧ. ಚೀಟಿಯೂ ಒಂದು ತಂತ್ರವಸ್ತುವೇ, ಅದು ಒದಗಿಸುವ ಸಾಧ್ಯತೆಯನ್ನು ಹೊಸ ವ್ಯವಸ್ಥೆ ಒದಗಿಸುತ್ತಿಲ್ಲ ಎಂಬುದು ಸಂಶೋಧನೆಯ ದೃಷ್ಟಿಯಿಂದ ಮೊದಲ ದರ್ಜೆಯ ದತ್ತಾಂಶ.

ಇಲ್ಲಿ ಪಾಲ್ ಲಿಯೊನಾರ್ಡಿ ಅವರ 2011ರ ಅಧ್ಯಯನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಾಹನ ತಯಾರಿಸುವ ಕಂಪನಿಯೊಂದರಲ್ಲಿ ಅಪಘಾತವನ್ನು ಗಣಕದಲ್ಲಿ ಅನುಕರಿಸುವ ತಂತ್ರಾಂಶ ಮತ್ತು ಎಂಜಿನಿಯರುಗಳ ಕೆಲಸದ ರೂಢಿಗಳು ವರ್ಷಗಳ ಕಾಲ ಒಂದನ್ನೊಂದು ಹೇಗೆ ಬದಲಾಯಿಸಿದವು ಎಂಬುದನ್ನು ಅವರು ನೋಡಿದರು. ತಂತ್ರಾಂಶ ತಮ್ಮ ಗುರಿಗೆ ಅಡ್ಡಿ ಎಂದು ಕಂಡಾಗ ಜನ ತಂತ್ರಾಂಶವನ್ನು ಬದಲಾಯಿಸುವ ಕಡೆಗೆ ಹೋದರು, ಅದು ಹೊಸ ಅವಕಾಶ ಎಂದು ಕಂಡಾಗ ತಮ್ಮ ರೂಢಿಯನ್ನು ಬದಲಾಯಿಸಿಕೊಂಡರು. ಮನುಷ್ಯರ ಕರ್ತೃತ್ವವೂ (ಕಾರ್ಯ ನಡೆಸುವ ಶಕ್ತಿ) ವಸ್ತುವಿನ ಕರ್ತೃತ್ವವೂ ಹೆಂಚಿನ ಮೇಲೆ ಹೆಂಚು ಜೋಡಿಸಿದಂತೆ ಒಂದರ ಮೇಲೊಂದು ಕೂತು ಮುಂದಿನ ಸಾಲಿಗೆ ಆಧಾರವಾದವು ಎಂಬುದು ಅವರು ಬಳಸಿದ ರೂಪಕ. ನನಗೆ ಇದರಲ್ಲಿ ಬಹಳ ಮುಖ್ಯವೆನಿಸುವುದು ಒಂದು ಷರತ್ತು: ಆ ಎಂಜಿನಿಯರುಗಳಿಗೆ ತಂತ್ರಾಂಶವನ್ನು ಬದಲಾಯಿಸಿಕೊಡುವವರು ಕಂಪನಿಯೊಳಗೆ ಇದ್ದರು. ದಾದಿಯರಿಗೆ ಅಡ್ಡಿ ಕಂಡಾಗ ತಂತ್ರಾಂಶವನ್ನು ಬದಲಾಯಿಸುವ ದಾರಿ ಮುಚ್ಚಿರುತ್ತದೆ, ತೆರೆದಿರುವುದು ಚೀಟಿಯೊಂದೇ. ಹಾಗಾಗಿ ಚೀಟಿಯನ್ನು ಪ್ರತಿರೋಧ ಎಂದು ಓದುವುದಕ್ಕಿಂತ, ತಂತ್ರಾಂಶವನ್ನು ತಿದ್ದುವ ಅಧಿಕಾರ ಇಲ್ಲದವರು ಮಾಡಿಕೊಂಡ ತಿದ್ದುಪಡಿ ಎಂದು ಓದುವುದು ನ್ಯಾಯ.

ಸಂಶೋಧನಾರ್ಥಿ:

ನನ್ನ ವಿಂಗಡಣೆಯಲ್ಲಿ ಚೀಟಿಯನ್ನು ಹೊಂದಾಣಿಕೆಯ ಕೊರತೆ ಎಂಬ ಶೀರ್ಷಿಕೆಯಡಿ ಇಟ್ಟಿದ್ದೆ, ಅದನ್ನು ಈಗ ತೆಗೆಯುತ್ತೇನೆ. ಇನ್ನೊಂದು ಸಂದೇಹ ಉಳಿಯಿತು. ವೈದ್ಯರು, ದಾದಿಯರು, ಆಡಳಿತ ಎಂದು ಒಂದೊಂದು ಗುಂಪಿಗೂ ಬೇರೆ ಬೇರೆ ಸಾಧ್ಯತೆಗಳನ್ನು ಬರೆಯುತ್ತಾ ಹೋದರೆ, ಆಸ್ಪತ್ರೆ ಬದಲಾಯಿತು ಎಂದು ಹೇಳುವುದು ಯಾವ ಆಧಾರದ ಮೇಲೆ? ಆಸ್ಪತ್ರೆಗೇ ಒಂದು ಅಫೋರ್ಡೆನ್ಸ್ ಇದೆ ಎನ್ನಬಹುದೇ?

ಹಿರಿಯ ಸಂಶೋಧಕ:

ಎನ್ನಬಹುದು, ಆದರೆ ಹುಷಾರಾಗಿ. 2007ರಲ್ಲಿ ಜಮ್ಮೂಟೊ ಮತ್ತು ಸಹಲೇಖಕರು ಇಡೀ ಕೆಲಸದ ಹರಿವನ್ನು ಕಣ್ಣೆದುರು ಕಾಣುವಂತೆ ಮಾಡುವುದು, ದೂರದಲ್ಲಿದ್ದು ಸಹಕರಿಸುವುದು, ಅನುಕರಣೆಯ ಮೂಲಕ ಪ್ರಯೋಗಿಸುವುದು ಮುಂತಾದ ಐದು ಸಾಧ್ಯತೆಗಳನ್ನು ಸಂಸ್ಥೆಯ ಮಟ್ಟದಲ್ಲೇ ಹೆಸರಿಸಿದರು. ಅವರ ಪ್ರಕಾರ ಅವು ತಂತ್ರಜ್ಞಾನ ಮತ್ತು ಸಂಸ್ಥೆಯ ವ್ಯವಸ್ಥೆಗಳು ಕೂಡಿದಲ್ಲಿ ಮಾತ್ರ ಹುಟ್ಟುತ್ತವೆ. ಲಿಯೊನಾರ್ಡಿ 2013ರಲ್ಲಿ ಇನ್ನೂ ಸೂಕ್ಷ್ಮವಾದ ಭೇದ ಮಾಡಿದರು: ಒಬ್ಬೊಬ್ಬರು ತಮ್ಮಷ್ಟಕ್ಕೆ ಕಾರ್ಯರೂಪಕ್ಕೆ ತರುವ ಸಾಧ್ಯತೆಗಳು, ಬೇರೆ ಬೇರೆ ಕೆಲಸ ಮಾಡುವವರು ಕೂಡಿ ತರುವ ಸಾಮೂಹಿಕ ಸಾಧ್ಯತೆಗಳು, ಗುಂಪಿನ ಎಲ್ಲರೂ ಒಂದೇ ಬಗೆಯಲ್ಲಿ ತರುವ ಹಂಚಿಕೊಂಡ ಸಾಧ್ಯತೆಗಳು. ನಿಮ್ಮ ದತ್ತಾಂಶದಲ್ಲಿ ನಾಡಿ, ರಕ್ತದೊತ್ತಡಗಳನ್ನು ಸಕಾಲಕ್ಕೆ ದಾಖಲಿಸುವುದು ಹಂಚಿಕೊಂಡದ್ದಾಗಿರಬೇಕು, ಏಕೆಂದರೆ ನಾಲ್ವರು ಮಾಡಿ ಇಬ್ಬರು ಬಿಟ್ಟರೆ ಪರದೆಯನ್ನು ಯಾರೂ ನಂಬುವುದಿಲ್ಲ. ರೋಗಿ ಮನೆಗೆ ಹೊರಡುವಾಗ ಕೊಡುವ ಬಿಡುಗಡೆಯ ಸಾರಾಂಶ ಸಿದ್ಧಪಡಿಸುವುದು ಸಾಮೂಹಿಕ, ಅಲ್ಲಿ ವೈದ್ಯರೂ ದಾದಿಯರೂ ಔಷಧಾಲಯದವರೂ ಮಾಡುವುದು ಬೇರೆ ಬೇರೆ. ವೈದ್ಯರೊಬ್ಬರು ಹಳೆಯ ವರದಿಯನ್ನು ತೆರೆದು ನೋಡುವುದು ವೈಯಕ್ತಿಕ.

ಆಸ್ಪತ್ರೆಯ ಮಟ್ಟದ ಮಾತನ್ನು ಆಡುವಾಗ ಈ ವ್ಯಕ್ತಿಗಳ ಕ್ರಿಯೆಗಳು ಒಟ್ಟುಗೂಡಿದ ದಾರಿಯನ್ನು ತೋರಿಸಿ. ಸಂಸ್ಥೆಯ ಗುರಿ ಎಂಬುದು ಆಡಳಿತ ಮಂಡಳಿಯ ಕಾಗದದಲ್ಲಿ ಇರುವುದಷ್ಟೇ ಆಗಿದ್ದರೆ ಅದನ್ನು ಆಡಳಿತದ ಗುರಿ ಎಂದೇ ಕರೆಯಿರಿ. ಮೇಲ್ವಿಚಾರಕಿಯವರು ಕೇಳಿದ್ದು ಇದನ್ನೇ.

ವಿನ್ಯಾಸಕ:

ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರ ಸಾಲದು ಎನ್ನುವವರಿಗೆ ಜೆನ್ನಿ ಡೇವಿಸ್ 2020ರಲ್ಲಿ ವಿಸ್ತರಿಸಿದ ಚೌಕಟ್ಟು ಉಪಯುಕ್ತ. ವಸ್ತುಗಳು ಕೆಲವು ಕ್ರಿಯೆಗಳನ್ನು ಕೋರುತ್ತವೆ, ಕೆಲವನ್ನು ಒತ್ತಾಯಿಸುತ್ತವೆ, ಪ್ರೋತ್ಸಾಹಿಸುತ್ತವೆ, ನಿರುತ್ಸಾಹಗೊಳಿಸುತ್ತವೆ, ನಿರಾಕರಿಸುತ್ತವೆ, ಅನುಮತಿಸುತ್ತವೆ ಎಂದು ಅವರು ಬೇರ್ಪಡಿಸುತ್ತಾರೆ. ತುಂಬದೆ ಮುಂದಿನ ಪುಟಕ್ಕೆ ಬಿಡದ ಕಡ್ಡಾಯ ಅಂಕಣ ಒತ್ತಾಯಿಸುತ್ತದೆ, ಇಷ್ಟವಿದ್ದರೆ ಬರೆಯಿರಿ ಎಂಬ ಟಿಪ್ಪಣಿಯ ಅಂಕಣ ಅನುಮತಿಸುತ್ತದೆ. ಒಂದೇ ಪರದೆ ವೈದ್ಯರಿಂದ ಏನನ್ನೂ ಕೋರದೆ ದಾದಿಯರನ್ನು ಮಾತ್ರ ಒತ್ತಾಯಿಸುತ್ತಿದೆಯೇ ಎಂದು ನೋಡಿ.

ದಾದಿಯರ ಮೇಲ್ವಿಚಾರಕಿ:

ಅದನ್ನು ನೋಡುವಾಗ ಕಡ್ಡಾಯ ಅಂಕಣಗಳಲ್ಲಿ ಏನು ತುಂಬಿದೆ ಎಂಬುದನ್ನೂ ನೋಡಿ. ಮುಂದೆ ಹೋಗಲಿಕ್ಕಾಗಿ ಒಂದು ಚುಕ್ಕಿಯನ್ನೋ ಸಾಮಾನ್ಯ ಎಂಬ ಮಾತನ್ನೋ ತುಂಬಿದ ಅಂಕಣಗಳು ಎಲ್ಲ ವಾರ್ಡುಗಳಲ್ಲೂ ಸಿಗುತ್ತವೆ. ದಾಖಲೆಯ ಲೆಕ್ಕದಲ್ಲಿ ಅದು ಬಳಕೆ, ನಮ್ಮ ಲೆಕ್ಕದಲ್ಲಿ ಅದು ಬಳಕೆಯಲ್ಲ.

ಬೋಧಕಿ:

ವ್ಯವಸ್ಥೆ ತಾನೇ ಬರೆದಿಡುವ ಬಳಕೆಯ ದಾಖಲೆಗಳಾದ ಲಾಗ್ ಕಡತಗಳನ್ನು ಮಾತ್ರ ನೆಚ್ಚುವವರಿಗೆ ಈ ವ್ಯತ್ಯಾಸ ಎಂದಿಗೂ ಸಿಗದು. ಸಂದರ್ಶನವನ್ನು ಮಾತ್ರ ನೆಚ್ಚಿದರೂ ಸಾಲದು, ಏಕೆಂದರೆ ಕೈಗೆ ರೂಢಿಯಾದ ಕೆಲಸವನ್ನು ಜನ ಹೇಳಲು ಮರೆಯುತ್ತಾರೆ. ಪಾಳಿ ಬದಲಾಗುವ ಹೊತ್ತಿನಲ್ಲಿ ವಾರ್ಡಿನಲ್ಲಿ ನಿಂತು, ದಾದಿಯರ ಒಪ್ಪಿಗೆ ಪಡೆದು, ರೋಗಿಗಳ ಗುರುತು ಮರೆಮಾಡಿ, ಚೀಟಿಯಲ್ಲಿ ಇದ್ದದ್ದರಲ್ಲಿ ಯಾವುದು ಪರದೆಗೆ ಹೋಯಿತು, ಯಾವುದು ಬಾಯಿಮಾತಿನಲ್ಲಿ ಮುಂದಿನ ಪಾಳಿಗೆ ದಾಟಿತು, ಯಾವುದು ಎಲ್ಲಿಗೂ ಹೋಗದೆ ಉಳಿಯಿತು ಎಂದು ಬರೆದುಕೊಳ್ಳಿ. ಹಾಸಿಗೆಯ ಬಳಿಯೇ ದಾಖಲಿಸುವ ವಾರ್ಡಿನಲ್ಲೂ ಇದನ್ನೇ ಮಾಡಿ. ಅಲ್ಲಿಯ ದಾದಿಯರ ಜೇಬಿನಲ್ಲೂ ಚೀಟಿಗಳು ಸಿಕ್ಕಿದರೆ, ಎರಡು ವಾರ್ಡುಗಳ ನಡುವೆ ನೀವು ಕಂಡ ವ್ಯತ್ಯಾಸವನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತದೆ.

ಸಂಶೋಧನಾರ್ಥಿ:

ಮುಂದಿನ ಭೇಟಿಗೆ ಇದನ್ನೇ ಯೋಜಿಸುತ್ತೇನೆ. ನೈತಿಕ ಸಮಿತಿಯ ಅನುಮತಿಯಲ್ಲಿ ಚೀಟಿಗಳ ಪ್ರಸ್ತಾಪ ಇಲ್ಲ, ಆದ್ದರಿಂದ ಮೊದಲು ತಿದ್ದುಪಡಿಗೆ ಅರ್ಜಿ ಹಾಕಬೇಕು. ಅವಲಂಬನೆಯ ನಕ್ಷೆಯನ್ನು ಅಷ್ಟರೊಳಗೆ ಬರೆದು, ಕ್ಷೇತ್ರಕ್ಕೆ ಹೋಗುವ ಮುನ್ನವೇ ಇಲ್ಲಿ ಹಾಕುತ್ತೇನೆ. ಯಾವ ಕೊಂಡಿ ಸುಳ್ಳಾಗಬಹುದು ಎಂದು ಅನುಷ್ಠಾನ ತಂಡದವರೂ ಮೇಲ್ವಿಚಾರಕಿಯವರೂ ಆಗಲೇ ಗುರುತು ಮಾಡಿ ಕೊಡಬೇಕೆಂದು ವಿನಂತಿ.